ಆರನೆಯ ಮೊಳೆಯ ಬಿಲ್ಲೆ

ಆ ಕಾರು ನನ್ನ ನೆನಪಿನಲ್ಲಿ ಬೂದು ಬಣ್ಣದ್ದು. ಅವ್ವನನ್ನು ಕೇಳಿದರೆ ತಿಳಿ ನೀಲಿ ಅನ್ನುತ್ತಾಳೆ. ಇರುವ ಒಂದೇ ಫೋಟೊದಲ್ಲಿ ಅದು ಬಿಳಿ; ಆದರೆ ಆ ಫೋಟೊ ಮಟಮಟ ಮಧ್ಯಾಹ್ನ ತೆಗೆದದ್ದು, ಅದರಲ್ಲಿ ಅಪ್ಪನ ಖಾಕಿ ಪ್ಯಾಂಟೂ ಬಿಳಿಯಾಗಿದೆ. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವಳು. ಅಲ್ಲಿ ಕಲಿತದ್ದರಲ್ಲಿ ಹೆಚ್ಚಿನದು ಮರೆತುಹೋಗಿದೆ, ಉಳಿದದ್ದು ಒಂದು ಕೆಟ್ಟ ಚಾಳಿ: ಯಾವ ನೆನಪು ಬಂದರೂ ಇದಕ್ಕೆ ಸಾಕ್ಷಿ ಯಾರು ಎಂದು ಕೇಳುವುದು. ಅದಕ್ಕೇ ದಿನಚರಿ ಬರೆಯಲು ಶುರುಮಾಡಿದೆ. ಆಮೇಲೆ ಹೊಳೆಯಿತು, ದಿನಚರಿ ಬರೆಯುವವಳೂ ನಾನೇ.

ಹಾಗಾಗಿ ಕಾರಿನ ಬಣ್ಣದ ಬಗ್ಗೆ ನಾನು ಆಣೆ ಮಾಡಲಾರೆ. ಅದರ ಲಾಕ್ ನಟ್ಟುಗಳ ಬಗ್ಗೆ ಮಾಡಬಲ್ಲೆ, ಯಾಕೆಂದರೆ ಅವುಗಳಲ್ಲಿ ಒಂದು ಈಗಲೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ.

ನಾವಿದ್ದ ತೆಲುಗು ಮಹಾನಗರದ ಕೊಂಡಾಪುರ ಬಡಾವಣೆಯಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ವರ್ಷಗಳು ಅವು. ಎಷ್ಟು ಜನ ಬೇಕಾಗಿದ್ದರೆಂದರೆ, ಇತಿಹಾಸ ಓದಿದ ನನಗೂ ಅಲ್ಲೊಂದು ಕುರ್ಚಿ ಸಿಕ್ಕಿತ್ತು. ಸಾಫ್ಟ್‌ವೇರ್ ಬಳಸುವುದು ಹೇಗೆ ಎಂಬ ಕೈಪಿಡಿಗಳನ್ನು ಬರೆಯುವ ಕೆಲಸ. ಮನೆ ಮಾತ್ರ ಬಾಲಾನಗರದ ಹಿಂದಿನ ಒಂದು ಗಲ್ಲಿಯಲ್ಲಿ. ಅಪ್ಪ ಅಲ್ಲಿಯ ಒಂದು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ದುಡಿದು ಆಗಷ್ಟೇ ನಿವೃತ್ತನಾಗಿದ್ದ. ನಾನು ಸಹೋದ್ಯೋಗಿಯೊಬ್ಬಳಿಂದ ಹಳೆಯ ಕಾರೊಂದನ್ನು ಕೊಂಡೆ. ಕಾರು ಬಡಪಾಯಿ, ಆದರೆ ಚಕ್ರಗಳು ಥಳಥಳಿಸುವ ಅಲಾಯ್ ಚಕ್ರಗಳು. ಹರಿದ ಲುಂಗಿ ಉಟ್ಟವನು ಹೊಸ ಬೂಟು ಹಾಕಿಕೊಂಡಂತೆ.

ಆಗ ಕೊಂಡಾಪುರದ ಅಪಾರ್ಟ್‌ಮೆಂಟುಗಳಲ್ಲಿ ಒಂದು ಕಥೆ ಓಡಾಡುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಕಾರು ನಾಲ್ಕು ಇಟ್ಟಿಗೆಗಳ ಮೇಲೆ ನಿಂತಿರುತ್ತದಂತೆ, ಚಕ್ರಗಳು ಮಾಯ. ಎಲ್ಲರಿಗೂ ಗೊತ್ತಿದ್ದ ಕಥೆ, ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ನಾನು ಸಾಕ್ಷಿ ಕೇಳಿದೆ. ಅಪ್ಪ ಸಾಕ್ಷಿ ಕೇಳಲಿಲ್ಲ, ಹೋಗಿ ನಾಲ್ಕು ಲಾಕ್ ನಟ್ಟು ತಂದ.

ಅದು ಏನೆಂದರೆ, ಒಂದೊಂದು ಚಕ್ರಕ್ಕೂ ನಾಲ್ಕು ನಟ್ಟು ಇರುತ್ತವಲ್ಲ, ಅದರಲ್ಲಿ ಒಂದನ್ನು ತೆಗೆದು ಆ ಜಾಗಕ್ಕೆ ಇದನ್ನು ಹಾಕುವುದು. ಇದರ ಮೈ ಪೂರಾ ದುಂಡಗೆ, ಪಾನಾ, ಅಂದರೆ ಸ್ಪ್ಯಾನರ್, ಹಾಕಿದರೆ ಜಾರುತ್ತದೆ. ಮುಖದ ಮೇಲೆ ಮಾತ್ರ ಹೂವಿನ ಎಸಳಿನಂತೆ ಸುತ್ತಿದ ಒಂದು ಗೀರು. ಆ ಗೀರಿಗೆ ಸರಿಯಾಗಿ ಕೂರುವ, ಹೆಬ್ಬೆರಳಿನ ಗಾತ್ರದ ಒಂದು ಕಬ್ಬಿಣದ ತುಂಡು ಇರುತ್ತದೆ, ಅದೇ ಚಾವಿ. ಅದನ್ನು ನಡುವೆ ಇಟ್ಟು ಪಾನಾ ತಿರುಗಿಸಿದರಷ್ಟೇ ನಟ್ಟು ಬಿಚ್ಚುತ್ತದೆ. ನಾಲ್ಕು ಚಕ್ರಕ್ಕೂ ಒಂದೇ ಚಾವಿ.

"ಇದರ ಮಾರಿ ನೋಡ ಬೇ, ಏನ್ ಕೆತ್ತ್ಯಾರ!" ಅಂದ ಅಪ್ಪ. "ಕಳ್ಳ ಬಂದ್ರ ಇದಕ್ಕ ಕೈ ಮುಗದು ಹೊಳ್ಳಿ ಹೋಗ್ತಾನ."

"ಚಾವಿ ಕಳದ್ರ ನೀವೂ ಕೈ ಮುಗದು ಕುಂದ್ರಬೇಕಾಗತೈತಿ, ನೋಡ್ರಿ," ಅಂದಳು ಅವ್ವ.

ಅಪ್ಪ ನಕ್ಕ. ನಮ್ಮ ಮನೆಯಲ್ಲಿ ಸಾಮಾನು ಕಳೆಯುವುದು ಅವನ ಪ್ರಕಾರ ಸಾಧ್ಯವೇ ಇರಲಿಲ್ಲ. ಯಾಕೆಂದರೆ ನಮ್ಮಲ್ಲಿ ಬಿಲ್ಲೆಯ ಪದ್ಧತಿ ಇತ್ತು.

ಟೂಲ್ ರೂಮಿನಲ್ಲಿ ಪ್ರತಿ ಕೆಲಸಗಾರನಿಗೂ ಅವನ ನಂಬರು ಕೆತ್ತಿದ ಹಿತ್ತಾಳೆಯ ಬಿಲ್ಲೆ ಕೊಟ್ಟಿರುತ್ತಾರೆ. ಒಂದು ಉಪಕರಣ ಬೇಕೆಂದರೆ ಅದು ತೂಗುವ ಮೊಳೆಗೆ ತನ್ನ ಬಿಲ್ಲೆ ಹಾಕಿ ಅದನ್ನು ಒಯ್ಯಬೇಕು. ಮೊಳೆ ಎಂದೂ ಖಾಲಿ ಇರಕೂಡದು: ಉಪಕರಣವಾದರೂ ಇರಬೇಕು, ಒಯ್ದವನ ಬಿಲ್ಲೆಯಾದರೂ ಇರಬೇಕು. ಅಪ್ಪ ನಿವೃತ್ತನಾದ ವಾರದೊಳಗೆ ನಮ್ಮ ಪಡಸಾಲೆಯ ಗೋಡೆಗೆ ಹಲಗೆ ಬಂತು, ಅದರ ಮೇಲೆ ಹನ್ನೆರಡು ಮೊಳೆ ಬಂದವು. ಹಿತ್ತಾಳೆ ತಗಡು ಕತ್ತರಿಸಿ ಎರಡು ಬಿಲ್ಲೆ ಮಾಡಿದ. ಒಂದನೇ ನಂಬರು ಅವ್ವನಿಗೆ, ಎರಡನೆಯದು ನನಗೆ. ಅವನಿಗೆ ಬಿಲ್ಲೆ ಇಲ್ಲ. ಅವನು ಸ್ಟೋರ್ ಕೀಪರ್, ಉಗ್ರಾಣದ ಯಜಮಾನ.

ಅವ್ವ ಮೊದಲ ದಿನವೇ ಸತ್ಯಾಗ್ರಹ ಹೂಡಿದಳು. "ನನ್ನ ಮನ್ಯಾಗ ಸ್ಕ್ರೂಡ್ರೈವರ್ ತಗೊಳ್ಳಾಕ ನಾ ಬಿಲ್ಲಿ ಹಾಕ್ಬೇಕೇನ್ರಿ? ಮೂವತ್ತ ವರ್ಷ ಉಂಡೀರಿ, ಒಂದ್ ದಿನಾರ ತಾಟಿನ ಬದಲಿ ಬಿಲ್ಲಿ ಇಟ್ಟೀರೇನು?"

ನಾನು ಮಾತ್ರ ನಿಯಮ ಪಾಲಿಸುತ್ತಿದ್ದೆ. ಪಾಲಿಸುತ್ತಿದ್ದೆ ಎಂದು ನನ್ನ ನೆನಪು.

ಲಾಕ್ ನಟ್ಟಿನ ಚಾವಿಗೆ ಆರನೆಯ ಮೊಳೆ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನಿವೃತ್ತಿಯ ಮೇಲೆ ಅಪ್ಪನಿಗೆ ಸಣ್ಣಪುಟ್ಟ ಮರೆವು ಶುರುವಾಗಿತ್ತು. ಬ್ಯಾಂಕಿನಲ್ಲಿ ಕೊಡೆ ಬಿಟ್ಟುಬಂದ. ಹಾಲು ಉಕ್ಕುವುದನ್ನು ನೋಡುತ್ತ ನಿಂತೇ ಉಕ್ಕಿಸಿದ. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಹಾಸಿಗೆ ಕೊಡವಿದ. ಯಾರಿಗಾದರೂ ಆಗುವಂಥವೇ. ಆದರೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಕೊನೆಯ ವರ್ಷಗಳಲ್ಲಿ ಎಲ್ಲವನ್ನೂ ಮರೆತಿದ್ದ. ಅಪ್ಪ ನೋಡಲು ಹೋದಾಗ "ಯಾರ ಪೈಕಿರಿ ನೀವು?" ಎಂದು ಕೇಳಿದ್ದ. ಅಲ್ಲಿಂದ ಬಂದ ಅಪ್ಪ ಎರಡು ದಿನ ಮಾತಾಡಿರಲಿಲ್ಲ. ಹೀಗಾಗಿ ಹಾಲು ಉಕ್ಕಿದ ದಿನ ಅವ್ವ ತಮಾಷೆಗೆ, "ಇನ್ನೊಂದ್ ಏನಾರ ಮರತ್ರಿ ಅಂದ್ರ ಸೀದಾ ದವಾಖಾನಿಗೆ ಕರ್ಕೊಂಡ ಹೋಗಾಕಿ ನಾ," ಅಂದಾಗ ಅಪ್ಪ ನಗಲಿಲ್ಲ. ಅವನಿಗೆ ದವಾಖಾನೆಯ ಹೆದರಿಕೆ ಇರಲಿಲ್ಲ, ಅಲ್ಲಿ ಏನು ಹೇಳಿಯಾರು ಎಂಬ ಹೆದರಿಕೆ ಇತ್ತು. ಅವ್ವನೂ ಅದನ್ನು ನೋಡಿದಳು. ಆ ಮಾತು ಮತ್ತೆ ಆಡಲಿಲ್ಲ, ಹಿಂದಕ್ಕೂ ತೆಗೆದುಕೊಳ್ಳಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಸುಲ್ತಾನ್ ಬಜಾರಿನ ಹತ್ತಿರದ ಹಾಲ್ ಒಂದರಲ್ಲಿ ಅವ್ವನ ಗೆಳತಿಯ ಮೊಮ್ಮಗುವಿಗೆ ಹೆಸರಿಡುವ ಕಾರ್ಯಕ್ರಮ. ಅವ್ವ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ನಾನು ಹೊರಗೆ ಬಂದು ನೋಡಿದರೆ ಕಾರಿನ ಎಡಗಡೆಯ ಮುಂದಿನ ಚಕ್ರ ನೆಲಕ್ಕೆ ಅಂಟಿತ್ತು. ಅಪ್ಪ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ.

"ಅಪ್ಪಾ, ಪಂಚರ್ ಆಗೈತಿ."

"ಹೌದ?" ಅಂದ ಅಪ್ಪ, ಪೇಪರಿನಿಂದ ತಲೆ ಎತ್ತದೆ. "ಹಂಗಾರ ಹೋಗಿ ಚಾವಿ ತಾ. ಆರನೇ ಮೊಳಿ."

ಜಾಕ್ ಆಗಲೇ ಕಾರಿನ ಪಕ್ಕದಲ್ಲಿ ಇತ್ತೇ? ಈಗ ನೆನಪಿಸಿಕೊಂಡರೆ ಇದ್ದಂತೆ ಕಾಣುತ್ತದೆ. ಆಗ ಕಂಡಿತ್ತೋ, ಮುಂದೆ ಗೊತ್ತಾದದ್ದನ್ನು ಸೇರಿಸಿಕೊಂಡು ನನ್ನ ನೆನಪು ಅದನ್ನು ಅಲ್ಲಿ ತಂದು ಇಟ್ಟಿದೆಯೋ, ಹೇಳಲಾರೆ.

ಒಳಗೆ ಹೋದೆ. ಆರನೆಯ ಮೊಳೆ ಖಾಲಿ ಇತ್ತು. ಚಾವಿಯೂ ಇಲ್ಲ, ಬಿಲ್ಲೆಯೂ ಇಲ್ಲ.

ಬಿಲ್ಲೆ ಹಾಕದೆ ಸಾಮಾನು ಒಯ್ಯುವವರು ಮನೆಯಲ್ಲಿ ಇಬ್ಬರು. ಅವ್ವನಿಗೆ ಕಾರಿನ ಚಕ್ರದಿಂದ ಆಗಬೇಕಾದ್ದು ಏನೂ ಇರಲಿಲ್ಲ. ಉಳಿದವನು ಸ್ಟೋರ್ ಕೀಪರ್. ಚಾವಿಯನ್ನು ಎಲ್ಲೋ ಇಟ್ಟು ಮರೆತಿದ್ದಾನೆ, ಅದೂ ತನ್ನದೇ ಹಲಗೆಯಿಂದ ಒಯ್ದು. ಒಂದು ನಿಮಿಷದಲ್ಲಿ ಅವನು ಒಳಗೆ ಬರುತ್ತಾನೆ, ಖಾಲಿ ಮೊಳೆ ನೋಡುತ್ತಾನೆ, ದೊಡ್ಡಪ್ಪನನ್ನು ನೆನೆಯುತ್ತಾನೆ. ನಾನು ಹೆಚ್ಚು ಯೋಚಿಸಲಿಲ್ಲ. ಗೂಡಿನಲ್ಲಿದ್ದ ನನ್ನ ಎರಡನೇ ನಂಬರಿನ ಬಿಲ್ಲೆಯನ್ನು ತಂದು ಆರನೆಯ ಮೊಳೆಗೆ ಹಾಕಿ, ಅದು ಅಲ್ಲಾಡುವುದು ನಿಲ್ಲುವ ತನಕ ಬೆರಳಿನಿಂದ ಹಿಡಿದುಕೊಂಡೆ.

"ಅಪ್ಪಾ, ಇಲ್ಲಿ ನನ್ನ ಬಿಲ್ಲಿ ಐತಿ!"

ಅಪ್ಪ ಬಂದ. ಬಿಲ್ಲೆಯನ್ನು ನೋಡಿದ. ನನ್ನನ್ನು ನೋಡಿದ. ಇದ್ದಕ್ಕಿದ್ದಂತೆ ಹತ್ತು ವರ್ಷ ಚಿಕ್ಕವನಾದ.

"ಎರಡನೇ ನಂಬರ್! ಯಾರದು ಎರಡನೇ ನಂಬರ್?"

"ನಂದ."

"ಚಾವಿ ಎಲ್ಲಿ?"

"ನೆನಪಿಲ್ಲಪ್ಪ."

"ನೆನಪಿಲ್ಲ! ಎಂ.ಎ. ಓದ್ಯಾಳ! ಯಾವ ರಾಜ ಯಾವಾಗ ಸತ್ತ ಅನ್ನೂದು ನೆನಪೈತಿ, ತಾ ಒಯ್ದ ಚಾವಿ ನೆನಪಿಲ್ಲ. ಏ, ಬಾ ಇಲ್ಲೆ, ನಿನ್ನ ಮಗಳ ಪರಾಕ್ರಮ ನೋಡು!"

ಅವ್ವ ಬಂದು ಬಿಲ್ಲೆ ನೋಡಿ, ಟೈರ್ ನೋಡಿ, ಗಡಿಯಾರ ನೋಡಿದಳು. "ನಾ ಆಟೋದಾಗ ಹೊಂಟೆ. ಆ ಕೂಸು ದೊಡ್ಡದಾಗಿ ಸಾಲಿಗೆ ಹೋಗೂದ್ರಾಗ ನೀವೂ ಬರ್ರಿ."

ಅಪ್ಪನಿಗೆ ಬೇಕಾದದ್ದೂ ಅದೇ. ಹೋಗುವವಳನ್ನು ಬಾಗಿಲಲ್ಲಿ ತಡೆದು, ಸಂಜೆಗೆಂದು ನಾದಿಟ್ಟ ಗೋಧಿಯ ಕಣಕ ಎಲ್ಲಿದೆ ಎಂದು ಕೇಳಿಕೊಂಡ. ಚಾವಿ ಇಲ್ಲದಿದ್ದರೆ ಹೊಸ ಚಾವಿ ಮಾಡುವುದು, ಅಷ್ಟೇ ಅಲ್ಲವೇ? ನಟ್ಟಿನ ಮುಖದ ಅಚ್ಚು ತೆಗೆದು, ಅದರ ಪ್ರಕಾರ ಕಬ್ಬಿಣವನ್ನು ಅರದಿಂದ ಉಜ್ಜಿದರೆ ಆಯಿತು. ಜೋಳದ ಹಿಟ್ಟು ಬಿರಿಯುತ್ತದೆ, ಗೋಧಿಯೇ ಬೇಕು ಎಂದು ನನಗೆ ವಿವರಿಸಿದ. ಕಣಕವನ್ನು ನಟ್ಟಿಗೆ ಒತ್ತಿ ಎಳೆದಾಗ ಹೂವಿನ ಅಚ್ಚೇನೋ ಬಂತು, ಆದರೆ ಬರುವಾಗ ಗೇಣುದ್ದ ಜಗ್ಗಿಕೊಂಡು ಬಂತು. ಎರಡನೆಯ ಸಲ ಬಟ್ಟೆ ಸೋಪನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಒತ್ತಿದ. ಈ ಸಲ ಅಚ್ಚು ಎಷ್ಟು ಚೆನ್ನಾಗಿ ಬಂತೆಂದರೆ ಅಪ್ಪ ಅದನ್ನು ಅಂಗೈ ಮೇಲಿಟ್ಟುಕೊಂಡು ಪಕ್ಕದ ಮನೆಯವರಿಗೂ ತೋರಿಸಿ ಬಂದ.

ಆಮೇಲೆ ಉಜ್ಜುವ ಕೆಲಸ. ಕಬ್ಬಿಣದ ಸರಳೊಂದನ್ನು ವೈಸಿಗೆ ಬಿಗಿದು, ಸಣ್ಣ ಅರಗಳನ್ನು ಸಾಲಾಗಿ ಜೋಡಿಸಿಕೊಂಡು ಕೂತ. ಎಸಳು ಎಸಳಾಗಿ ಉಜ್ಜಿದ. ಎಷ್ಟು ಹೊತ್ತು ಅಂತ ದಿನಚರಿಯಲ್ಲಿಲ್ಲ. ಎರಡು ಸಲ ಚಹಾ ಮಾಡಿದ್ದು ನೆನಪಿದೆ. ಅವನು ಉಜ್ಜುತ್ತ ನನ್ನನ್ನು ಬೈಯುತ್ತಿದ್ದ, ಬೈಯುತ್ತ ಹಾಡಿನಂತೆ ಏನೋ ಗುನುಗುತ್ತಿದ್ದ. ನಿವೃತ್ತನಾದ ಮೇಲೆ ಅವನು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಒಂದು ಸುಳ್ಳಿಗೆ ಇಷ್ಟು ಫಲವೇ ಎಂದು ನನಗೆ ನನ್ನ ಬಗ್ಗೆಯೇ ಗೌರವ ಬಂತು.

ಹೊಸ ಚಾವಿ ಗೀರಿನೊಳಗೆ ಗಪ್ಪನೆ ಕೂತಿತು. ಅಪ್ಪ ಪಾನಾ ಹಾಕಿ ಒತ್ತಿದ. ಚಾವಿ ತಿರುಗಿತು, ನಟ್ಟು ತಿರುಗಲಿಲ್ಲ. ಎಸಳುಗಳು ಉದುರಿ ಕೆಳಗೆ ಬಿದ್ದವು. ಮೆತ್ತನೆಯ ಕಬ್ಬಿಣ, ಅದನ್ನು ಕಾಯಿಸಿ ಗಟ್ಟಿ ಮಾಡಲು ಮನೆಯಲ್ಲಿ ಕುಲುಮೆ ಇರಲಿಲ್ಲ.

ನಾನು ಗಲ್ಲಿಯ ತುದಿಗೆ ಹೋಗಿ ಪಂಚರ್ ಅಂಗಡಿಯವನನ್ನು ಕರೆದೆ. ನಮಗೆ ಅವನು ಒಂದು ವರ್ಷದಿಂದ ಪರಿಚಯ. ತೆಲುಗಿನಲ್ಲಿ "ಅನ್ನಾ" ಅನ್ನುತ್ತಿದ್ದೆವು, ಅವನು ತೆಲುಗಿನಲ್ಲೇ ಗಾಳಿ ಹೊಡೆದು ಕಳಿಸುತ್ತಿದ್ದ. ಬಂದವನು ನಟ್ಟು ನೋಡಿ, "ಕೀ ಲೇದಾ?" ಎಂದು ಕೇಳಿದ. ಚಾವಿ ಇಲ್ಲವೇ ಎಂದು. ಅಪ್ಪ ಅದೇ ಹೊತ್ತಿಗೆ ಮುರಿದ ಚಾವಿಯನ್ನು ಕಾಲ ಮೇಲೆ ಬೀಳಿಸಿಕೊಂಡು, "ಅಯ್ಯs, ನಿನ್ನ ಮನಿ ಹಾಳಾಗ್ಲಿ!" ಎಂದು ಅದನ್ನು ಬೈದ.

ಪಂಚರ್ ಅಂಗಡಿಯವನು ಎದ್ದು ನಿಂತ. "ಯಾವೂರ್ರಿ ಕಾಕಾ ನಿಮ್ಮದು?"

"ಬಾಗಲಕೋಟಿ ಕಡೆ. ನಿಂದು?"

"ನಮ್ದು ಸೇಡಂ ಹತ್ರ ಅದರಿ. ಅಲ್ಲರಿ, ಒಂದ್ ವರ್ಷದಿಂದ ನಿಮ್ಮ ಮುಂದ ತೆಲುಗದಾಗ ಬಡ್ಕೊಳ್ಲತ್ತೀನಲ್ರಿ ನಾ! ಮೊದ್ಲೇ ಒಂದ್ಸಲ ಬೈದಿದ್ರ ಗೊತ್ತಾಗ್ತಿತ್ತಿಲ್ರಿ?"

ಅವನು ಮನೆ ಕಟ್ಟುವ ಕೆಲಸಕ್ಕೆಂದು ಬಂದು, ಬೆನ್ನು ನೋವಾದ ಮೇಲೆ ಪಂಚರ್ ಅಂಗಡಿ ಹಾಕಿದವನು. ಅಪ್ಪನ ಸೋಪಿನ ಅಚ್ಚನ್ನೂ ಮುರಿದ ಚಾವಿಯನ್ನೂ ಗೌರವದಿಂದ ನೋಡಿ ಪಕ್ಕಕ್ಕಿಟ್ಟ.

"ಚಾವಿ ಮಾಡೂದು ಕುಸುರಿ ಕೆಲ್ಸ ಕಾಕಾ. ನಮ್ಮದು ಬಡಿಯೂ ಕೆಲ್ಸ. ಇದಕ್ಕಿಂತ ಒಂಚೂರು ಸಣ್ಣ ಗೋಟಿ ತಗೊಂಡು ಇದರ ತಲಿ ಮ್ಯಾಲ ಬಡದು ಕುಂದ್ರಸೂದು, ತಿರುಗ್ಸೂದು. ಆಯ್ತು."

ಗೋಟಿ ಅಂದರೆ ನಟ್ಟಿನ ಮೇಲೆ ಟೊಪ್ಪಿಗೆಯಂತೆ ಕೂರುವ ಪಾನಾ. ಒಳಗೆ ಹನ್ನೆರಡು ಹಲ್ಲು ಇರುತ್ತವೆ.

"ಬಡದ್ರ ಒಳಗಿನ ಬೋಲ್ಟ್ ಮುರೀತೈತಿ," ಅಂದ ಅಪ್ಪ.

"ಹಂಗಾದ್ರ ನೀವು ಒಳಗ ಕುಂತು ಚಾ ಕುಡೀರಿ. ನೋಡಿದ್ರ ನಿಮಗ ಸಂಕಟ ಆಗ್ತದ."

ಅಪ್ಪ ಒಳಗೆ ಹೋದ, ಚಹಾಕ್ಕಲ್ಲ. ವರ್ನಿಯರ್ ತಂದು ನಟ್ಟಿನ ಮೈಯನ್ನು ಅಳೆದ, ಕನ್ನಡಕ ಏರಿಸಿ ಗೀಟು ಎಣಿಸಿದ, ಅದಕ್ಕಿಂತ ಎಷ್ಟು ಚಿಕ್ಕದು ಬೇಕೆಂದು ಮನಸ್ಸಿನಲ್ಲೇ ಕಳೆದು ಒಂದು ಅಳತೆ ಹೇಳಿದ. ಪಂಚರ್ ಅಂಗಡಿಯವನು ಕೈ ಚಾಚಿದ. ಕಣ್ಣಳತೆಯಲ್ಲಿ ಅವನು ಆಗಲೇ ಆರಿಸಿ ಹಿಡಿದಿದ್ದ ಗೋಟಿಯ ಮೇಲೆ ಅದೇ ಅಳತೆ ಕೆತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಲ್ಲಿಂದ ಮುಂದೆ ನನ್ನನ್ನು ಯಾರೂ ಮಾತಾಡಿಸಲಿಲ್ಲ.

ಅವನು ಉಳಿದ ಮೂರು ನಟ್ಟುಗಳನ್ನು ಸಡಿಲಿಸಲು ಹೊರಟಾಗ ಅಪ್ಪ ಕೈ ಹಿಡಿದ. "ಅವನ್ನ ಮುಟ್ಟಬ್ಯಾಡ. ಅವು ಬಿಗಿ ಇದ್ರ ಭಾರ ನಾಕೂ ಮಂದಿ ಹೊರ್ತಾರ. ಸಡ್ಲ ಮಾಡಿದಿ ಅಂದ್ರ ಎಲ್ಲಾ ಈ ಒಬ್ಬನ ಮ್ಯಾಲ ಬೀಳ್ತೈತಿ, ಆಮ್ಯಾಲ ಇಂವ ಬಿಡಂಗಿಲ್ಲ."

"ಖರೇ ಅದರಿ," ಅಂದ ಅವನು.

ಕಾರನ್ನು ಎತ್ತದೆ, ನೆಲದ ಮೇಲೇ ಇಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಗೋಟಿಯನ್ನು ನಟ್ಟಿನ ಮೇಲೆ ನೇರ ಹಿಡಿದು ಸುತ್ತಿಗೆಯಿಂದ ಬಡಿಯತೊಡಗಿದ. ಮೊದಲು ಠಣ್ ಠಣ್ ಎನ್ನುತ್ತಿದ್ದದ್ದು ಹಲ್ಲುಗಳು ನಟ್ಟಿನ ಮೈಗೆ ಕಚ್ಚಿದ ಮೇಲೆ ಠಪ್ ಎಂದಿತು. ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ, ಎಡಕ್ಕೆ ನಿಧಾನವಾಗಿ ಭಾರ ಬಿಟ್ಟ. ಅಪ್ಪ ಕಣ್ಣು ಮುಚ್ಚಿಕೊಂಡ. ಕರ್ರ್ ಎಂಬ ಸದ್ದು ಬಂತು. ನಟ್ಟು ಸೋತಿತ್ತು. ಗೋಟಿಯೊಳಗೇ ಸಿಕ್ಕಿಕೊಂಡ ಅದನ್ನು ಹಿಂದಿನ ತೂತಿನಿಂದ ಸರಳು ಹಾಕಿ ಬಡಿದು ಉದುರಿಸಿದರು.

ಪಂಚರಾದದ್ದು ಒಂದೇ ಚಕ್ರ. ಆದರೆ ಚಾವಿ ಇಲ್ಲದ ಬೀಗ ಇನ್ನೂ ಮೂರರಲ್ಲಿ ಉಳಿದಿತ್ತಲ್ಲ, ಎಲ್ಲವನ್ನೂ ಇಂದೇ ತೆಗೆಯುವುದೆಂದಾಯಿತು. ಎರಡನೆಯದು ಸಲೀಸಾಗಿ ಬಂತು. ಮೂರನೆಯದು ಬಂತು, ಆದರೆ ಗೋಟಿ ಸೀಳಿತು. ಆ ಅಳತೆಯ ಇನ್ನೊಂದು ಗೋಟಿ ಅಂಗಡಿಯಲ್ಲಿತ್ತು. ಅದರ ಗೋಡೆ ದಪ್ಪ. ಅಲಾಯ್ ಚಕ್ರದ ಕುಳಿಯೊಳಗೆ ಇಳಿಯಲೊಲ್ಲದು. ಪಂಚರ್ ಅಂಗಡಿಯವನು ಸುತ್ತಿಗೆ ಕೆಳಗಿಟ್ಟ. "ಇದಕ್ಕ ನಿಮ್ಮ ಕೈ ಬೇಕ್ರಿ ಕಾಕಾ."

ಅಪ್ಪ ಆ ಮಾತು ಕೇಳಲೆಂದೇ ಮೂವತ್ತು ವರ್ಷ ಟೂಲ್ ರೂಮಿನಲ್ಲಿ ಕಳೆದಿದ್ದನೋ ಏನೋ. ಕೈಯಿಂದ ತಿರುಗಿಸುವ ಸಾಣೆಕಲ್ಲನ್ನು ಕಟ್ಟೆಗೆ ಬಿಗಿದ. ನಾನು ತಿರುಗಿಸಿದೆ, ಅವನು ಗೋಟಿಯ ಹೊರಮೈಯನ್ನು ಉರುಳಿಸುತ್ತ ತೇಯ್ದ, ತೇಯುತ್ತ ಅಳೆದ. ಕೊನೆಗೆ ಅದು ಕುಳಿಯೊಳಗೆ ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿಯಿತು. ಕೊನೆಯ ಸುತ್ತಿಗೆಯ ಏಟುಗಳನ್ನೂ ಅವನೇ ಹಾಕಿದ, ಕಣ್ಣು ತೆರೆದುಕೊಂಡೇ.

"ರಿಟೈರ್ ಯಾಕಾದ್ರಿ ಕಾಕಾ? ನಾಳಿಂದ ನಮ್ಮ ಅಂಗಡಿಗಿ ಬರ್ರಿ."

ಅಷ್ಟರಲ್ಲಿ ಅವ್ವ ಆಟೋದಿಂದ ಇಳಿದಳು, ಕೈಯಲ್ಲಿ ಪೇಢೆಯ ಡಬ್ಬಿ. "ಹೆಸರಿಟ್ಟು, ಉಂಡು, ಹೊಳ್ಳಿ ಬಂದೆ ನಾ. ನಿಮ್ಮ ನಟ್ಟಿಗೆ ಇನ್ನೂ ಜನನ ಆಗಿಲ್ಲೇನ್ರಿ?"

ಅಪ್ಪ ಅಂಗೈ ಬಿಚ್ಚಿ ನಾಲ್ಕು ಜಜ್ಜಿದ ನಟ್ಟು ತೋರಿಸಿದ. "ನಾಕs ನಾಕು. ಎಲ್ಲಾ ನಿನ್ನ ಮಗಳು ಚಾವಿ ಕಳದ ಪುಣ್ಯ."

ಮರುದಿನದಿಂದ ಅಪ್ಪ ನಿಜವಾಗಿಯೂ ಬೆಳಗಿನ ಹೊತ್ತು ಪಂಚರ್ ಅಂಗಡಿಗೆ ಹೋಗತೊಡಗಿದ. ತಿಂಗಳೊಳಗೆ ಅಲ್ಲೂ ಒಂದು ಹಲಗೆ, ಸಾಲಾಗಿ ಮೊಳೆಗಳು. ದವಾಖಾನೆಯ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ. ನಾನು ತೆತ್ತದ್ದು ಇಷ್ಟೇ: ಒಯ್ದ ಸಾಮಾನು ಮರಳಿ ಬರುವ ತನಕ ಬಿಲ್ಲೆ ಮೊಳೆಯಿಂದ ಇಳಿಯುವಂತಿಲ್ಲ, ಬಿಲ್ಲೆ ಇಲ್ಲದವಳಿಗೆ ಉಪಕರಣ ಇಲ್ಲ. ಕ್ಯಾಲೆಂಡರ್ ತೂಗುಹಾಕಲು ಸುತ್ತಿಗೆ ಕೇಳಿದರೆ, "ಮೊದ್ಲ ಚಾವಿ ತಂದ್ಕೊಡು," ಎನ್ನುತ್ತಿದ್ದ. ನಾನು ಹುತಾತ್ಮಳಂತೆ ಮುಗುಳ್ನಕ್ಕು, ಮೊಳೆಯನ್ನು ಒರಳುಗಲ್ಲಿನ ಗುಂಡಿನಿಂದ ಬಡಿಯುತ್ತಿದ್ದೆ.

ಏಳೆಂಟು ತಿಂಗಳ ಮೇಲೆ ನಾನು ಕಂಪನಿ ಬದಲಿಸಿದೆ. ಆಗ ಎಲ್ಲರೂ ಬದಲಿಸುತ್ತಿದ್ದರು. ಹಳೆಯ ಆಫೀಸ್ ಬ್ಯಾಗನ್ನು ಖಾಲಿ ಮಾಡುವಾಗ, ಕೊಡೆ ಇಡುವ ಹೊರಜೇಬಿನ ತಳದಲ್ಲಿ ಕೈಗೆ ಹೆಬ್ಬೆರಳಿನ ಗಾತ್ರದ ಒಂದು ಕಬ್ಬಿಣದ ತುಂಡು ತಗುಲಿತು. ಹೂವಿನ ಎಸಳು.

ನನಗೆ ಏನೂ ನೆನಪಾಗಲಿಲ್ಲ. ದಿನಚರಿ ತೆಗೆದೆ. ಪಂಚರಾದ ಭಾನುವಾರಕ್ಕೆ ಮೂರು ವಾರ ಹಿಂದೆ, ನನ್ನದೇ ಅಕ್ಷರದಲ್ಲಿ: "ಚಕ್ರ ಅದಲುಬದಲು ಮಾಡಿಸಲು ಬೆಳಿಗ್ಗೆಯೇ ಟೈರ್ ಅಂಗಡಿಗೆ. ತಡವಾಗಿತ್ತು. ಅಪ್ಪ ಸ್ನಾನದಲ್ಲಿದ್ದ." ಅದರ ಕೆಳಗೆ ಎರಡು ಪುಟ ಆಫೀಸಿನ ಕ್ಯಾಂಟೀನಿನ ಸಾಂಬಾರಿನ ಬಗ್ಗೆ ಇತ್ತು. ಅಪ್ಪ ಸ್ನಾನದಲ್ಲಿದ್ದ ಎಂದು ಬರೆದವಳಿಗೆ, ಅದನ್ನು ಯಾಕೆ ಬರೆದೆ ಎಂಬುದು ಗೊತ್ತಿದ್ದಿರಬೇಕು. ಬಿಲ್ಲೆ ಹಾಕದೆ ಒಯ್ದವಳು ನಾನು. ಆ ಚಾವಿ ಯಾರಿಗೂ ಬೇಕಾಗದ ಮೂರು ವಾರ, ಖಾಲಿ ಮೊಳೆ ಸ್ಟೋರ್ ಕೀಪರನ ಕಣ್ಣಿಗೂ ಬಿದ್ದಿರಲಿಲ್ಲ. ಅಪ್ಪನನ್ನು ಉಳಿಸಲೆಂದು ಹೇಳಿದ ಸುಳ್ಳು ಸುಳ್ಳೇ ಆಗಿರಲಿಲ್ಲ.

ಚಾವಿ ತೆಗೆದುಕೊಂಡು ಹೋಗಿ ಅಪ್ಪನ ಮುಂದೆ ಇಟ್ಟೆ. ಎಲ್ಲವನ್ನೂ ಹೇಳಿದೆ, ನಾನೇ ಬಿಲ್ಲೆ ತಂದು ಹಾಕಿದ್ದನ್ನೂ.

"ಗೊತ್ತೈತಿ," ಅಂದ ಅಪ್ಪ.

"ಏನ್ ಗೊತ್ತೈತಿ?"

"ಅವತ್ತ ನೀ ಏಳೂಕಿಂತ ಮೊದ್ಲ ಪಂಚರ್ ನಾ ನೋಡಿದ್ನಿ. ಜಾಕ್ ತಂದಿಟ್ಟು ಚಾವಿಗೆ ಹೋದ್ನಿ. ಮೊಳಿ ಖಾಲಿ ಇತ್ತು. ನಾನs ಎಲ್ಲೋ ಇಟ್ಟು ಮರತೀನಿ ಅಂದ್ಕೊಂಡ್ನಿ ಬೇ. ಪೇಪರ್ ಹಿಡ್ಕೊಂಡ ಕುಂತ್ನಿ, ಒಂದ್ ಅಕ್ಷರ ಓದ್ಲಿಲ್ಲ. ಆಮ್ಯಾಲ ನೀ ಕರದಿ. ಹೋಗಿ ನೋಡಿದ್ರ ನಿನ್ನ ಬಿಲ್ಲಿ ತೂಗಾಕತ್ತಿತ್ತು."

"ಮತ್ತ ಸುಮ್ನ ಯಾಕಿದ್ದಿ?"

"ನನ್ನ ಉಳಸಾಕ ನೀ ಹಾಕಿದ್ದಿ. ನಾ ತಗೊಂಡ್ನಿ."

ಅವನು ಚಾವಿಯನ್ನು ಎತ್ತಿ, ಎಸಳುಗಳ ಮೇಲೆ ಹೆಬ್ಬೆರಳಾಡಿಸಿದ. ಏಳೆಂಟು ತಿಂಗಳು ನನ್ನನ್ನು ರೇಗಿಸುತ್ತ, ಸುತ್ತಿಗೆ ಕೊಡದೆ, ಒಳಗೊಳಗೇ ಅವನು ದೊಡ್ಡಪ್ಪನನ್ನು ನೆನೆಯುತ್ತಿದ್ದ. ಅದು ನನಗೆ ಆ ಕ್ಷಣ ಹೊಳೆಯಿತು. ಅವನಿಗೆ ಹೊಳೆದದ್ದು ಬೇರೆ.

"ಹಂಗಾರ ನಾ ಅಲ್ಲ?"

"ಅಲ್ಲಪ್ಪ."

"ನಾ ಮರತೇ ಇಲ್ಲ?"

"ಇಲ್ಲ. ಮರತಾಕಿ ನಾ."

ಅಪ್ಪ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, ಕಾರ್ಖಾನೆಯ ಸೈರನ್ನಿಗಿಂತ ಜೋರಾಗಿ ಕೂಗಿದ. "ಏ, ಕೇಳಿದಿಲ್ಲೋ? ಚಾವಿ ಕಳದಾಕಿ ಖರೇನ ಇಕಿ! ಒಯ್ದದ್ದೂ ನೆನಪಿಲ್ಲ, ಇಟ್ಟದ್ದೂ ನೆನಪಿಲ್ಲ!"

ಅವ್ವ ಲಟ್ಟಣಿಗೆ ಹಿಡಿದೇ ಹೊರಗೆ ಬಂದಳು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮತ್ತ ಇಕಿನ್ನ ಯಾವಾಗ ಕರ್ಕೊಂಡ ಹೋಗೋಣ್ರಿ ದವಾಖಾನಿಗೆ?"

ಅಪ್ಪ ಕಣ್ಣಲ್ಲಿ ನೀರು ಬರುವಂತೆ ನಕ್ಕ. ನಕ್ಕದ್ದಕ್ಕೇ ಬಂದ ನೀರು ಎಂದು ದಿನಚರಿಯಲ್ಲಿ ಬರೆದಿದ್ದೇನೆ, ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದೇನೆ. ಆಮೇಲೆ ಅವನು ಹಲಗೆಯ ಹತ್ತಿರ ಹೋಗಿ ನನ್ನ ಬಿಲ್ಲೆಯನ್ನು ಇಳಿಸಿ, ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗಿಟ್ಟ. ಚಾವಿಯನ್ನು ಆರನೆಯ ಮೊಳೆಗೆ ಹಾಕಿದ.

ಅದು ತೆರೆಯಬೇಕಾದ ನಟ್ಟುಗಳು ಅಷ್ಟು ಹೊತ್ತಿಗೆ ಜಜ್ಜಿಹೋಗಿದ್ದವು. ಮುಂದಿನ ವರ್ಷ ಕಾರೂ ಹೋಯಿತು. ಚಾವಿ ಇನ್ನೂ ಅಲ್ಲೇ ಇದೆ. ಮೊನ್ನೆ ಇದನ್ನು ಬರೆಯುವ ಮುಂಚೆ, ಎಸಳು ಐದೋ ಆರೋ ಎಂದು ಎಣಿಸಿ ನೋಡಲು ಅದನ್ನು ಮೊಳೆಯಿಂದ ತೆಗೆದೆ. ಒಳಗಿನ ಕೋಣೆಯಿಂದ ಅಪ್ಪನ ದನಿ ಬಂತು.

"ಬಿಲ್ಲಿ ಹಾಕಿದಿ?"

ಆರು ಎಸಳು. ಬಿಲ್ಲೆ ಹಾಕಿದ ಮೇಲೆ ಎಣಿಸಿದ್ದು.